ಬ್ರಾಕೆಟ್ ಇಲ್ಲದ ಟರ್ನರಿಗೆ ಟೆಸ್ಟ್ ಬರೆಯುವುದು

ಹಳೇ ಬಿಲ್ಲಿಂಗ್ ಕೋಡ್ ಒಂದನ್ನು ಪ್ರೋಗ್ರಾಮಿಂಗ್ ಭಾಷೆಯಾದ ಪಿಎಚ್‌ಪಿ 7.2ರಿಂದ 8ಕ್ಕೆ ಏರಿಸುವ ಕೆಲಸ ಈಗ ನನ್ನ ಕೈಯಲ್ಲಿದೆ. ಅದರಲ್ಲಿ ನಾನು ಜಾಸ್ತಿ ಹೊತ್ತು ಕೊಡುತ್ತಿರುವುದು ಟರ್ನರಿ ಆಪರೇಟರ್‌ನ ಟೆಸ್ಟ್‌ಗಳಿಗೆ.

ಟರ್ನರಿ ಅಂದರೆ ‘ಷರತ್ತು ? ನಿಜವಾದರೆ ಇದು : ಸುಳ್ಳಾದರೆ ಇದು’ ಅನ್ನುವ ಚಿಕ್ಕ ಬರಹ. ಎರಡು ಟರ್ನರಿ ಸೇರಿರುವ ಈ ಸಾಲು ನೋಡಿ:

1 ? 2 : 3 ? 4 : 5

ಜಾವಾಸ್ಕ್ರಿಪ್ಟ್ ಇದಕ್ಕೆ 2 ಅನ್ನುತ್ತದೆ. ಪಿಎಚ್‌ಪಿ 7.2 ಅನ್ನುವುದು 4! ಅದು ಎಡಗಡೆಯಿಂದ ಗುಂಪು ಮಾಡುತ್ತದೆ. ಮೊದಲ ಮೂರು ಸೇರಿ 2 ಬಂತು, ಆ 2 ಮುಂದಿನದಕ್ಕೆ ಷರತ್ತಾಯಿತು, ಸೊನ್ನೆ ಅಲ್ಲವಲ್ಲ, ನಿಜ ಅಂತಲೇ ಲೆಕ್ಕ, ಹಾಗಾಗಿ 4. ಎರರ್ ಇಲ್ಲ, ವಾರ್ನಿಂಗೂ ಇಲ್ಲ. ದುಡ್ಡಿನ ಲೆಕ್ಕದಲ್ಲಿ ಇಂಥದ್ದು ಸುಮ್ನೆ ಕೂತಿರುವುದು ಎಷ್ಟು ಅಪಾಯ ಅಲ್ವಾ? 2019ರಲ್ಲಿ ಬಂದ 7.4 ಇದಕ್ಕೆ ಎಚ್ಚರಿಕೆ ಕೊಡಲು ಶುರು ಮಾಡಿತು. 2020ರ 8.0 ಬ್ರಾಕೆಟ್ ಹಾಕದಿದ್ದರೆ ಓಡಿಸುವುದೇ ಇಲ್ಲ. ಒಳ್ಳೆಯ ತೀರ್ಮಾನ.

ಟೆಸ್ಟ್ ಬರೆಯುವಾಗ ಒಂದು ತೊಡಕಿದೆ. ಕೋಲನ್ ಬಿಟ್ಟು 1 ? 2 ಅಂತ ಬರೆದು, ಪಠ್ಯವನ್ನೇ ಕೋಡ್ ಆಗಿ ಓಡಿಸುವ ಇವ್ಯಾಲ್‌ಗೆ ಕೊಟ್ಟರೆ ಪಾರ್ಸ್ ಎರರ್ (ವಾಕ್ಯರಚನೆಯ ತಪ್ಪು) ಬರುತ್ತದೆ, ಅದನ್ನು ಟ್ರೈ-ಕ್ಯಾಚ್‌ನಲ್ಲಿ ಹಿಡಿಯಬಹುದು. ಬ್ರಾಕೆಟ್ ಇಲ್ಲದ ಟರ್ನರಿ ಹಾಗಲ್ಲ. ಅದು ಕಂಪೈಲ್ ಹಂತದ ಫೇಟಲ್ ಎರರ್. ಕ್ಯಾಚ್‌ಗೆ ಸಿಗುವುದಿಲ್ಲ, ಇಡೀ ಪ್ರೋಸೆಸ್ ನಿಂತುಹೋಗುತ್ತದೆ, ಜೊತೆಗೆ ಮಿಕ್ಕ ಟೆಸ್ಟ್‌ಗಳೂ. ಅದಕ್ಕೇ ನಾನು ಪ್ರತಿ ತುಣುಕನ್ನೂ ಬೇರೆ ಬೇರೆ ಫೈಲ್‌ನಲ್ಲಿಟ್ಟು, ಒಂದೊಂದಕ್ಕೂ ಪಿಎಚ್‌ಪಿಯ ಲಿಂಟ್ (ಕೋಡ್ ಓಡಿಸದೆ ಬರೀ ತಪ್ಪು ಹುಡುಕುವ ಪರೀಕ್ಷೆ) ಅನ್ನು ಪ್ರತ್ಯೇಕವಾಗಿ ಓಡಿಸುತ್ತೇನೆ.

ಎರರ್ ಬರಲೇಬೇಕಾದ ತುಣುಕು ಫೇಲ್ ಆಯಿತು ಅನ್ನುವುದಷ್ಟೇ ಸಾಲದು. ಎಲ್ಲೋ ಸೆಮಿಕೋಲನ್ ಬಿಟ್ಟುಹೋಗಿದ್ದರೂ ಫೈಲ್ ಫೇಲ್ ಆಗುತ್ತದೆ, ಟೆಸ್ಟ್ ಮಾತ್ರ ಪಾಸ್ ಅಂತ ಹಸಿರು ತೋರಿಸುತ್ತದೆ. ಮೆಸೇಜ್ ನೋಡಲೇಬೇಕು. ಪೂರ್ತಿ ಸಾಲನ್ನು ಹೋಲಿಸಲು ಹೋಗಬೇಡಿ, 7ರಿಂದ 8ಕ್ಕೆ ಪಾರ್ಸ್ ಎರರ್‌ಗಳ ಮಾತೇ ಸ್ವಲ್ಪ ಬದಲಾಗಿದೆ. ಮುಖ್ಯ ತುಂಡೊಂದು ಸಿಕ್ಕಿದರೆ ಸಾಕು.

ಪಾಸ್ ಆಗಬೇಕಾದವುಗಳಿಗೂ ಟೆಸ್ಟ್ ಬೇಕು. 1 ?: 2 ?: 3 (ನಡುವಿನ ಭಾಗ ಬಿಟ್ಟ ಚಿಕ್ಕ ಟರ್ನರಿ) ಸರಿ, ಎಡದಿಂದ ಓದಿದರೂ ಬಲದಿಂದ ಓದಿದರೂ ಉತ್ತರ ಒಂದೇ. 1 ? 2 ? 3 : 4 : 5 ಕೂಡ ಸರಿ, ನಡುವಿನದನ್ನು ಒಂದೇ ರೀತಿ ಓದಲು ಸಾಧ್ಯ. ಎರಡನ್ನೂ ಬೆರೆಸಿ 1 ? 2 : 3 ?: 4 ಅಂದರೆ ಮಾತ್ರ ಮತ್ತೆ ಎರರ್.

ಇನ್ನು ಉಳಿದಿರುವುದು ರಿಯಾಯಿತಿ ಲೆಕ್ಕ ಹಾಕುವ ಸಾಲು. ಎಡಕ್ಕೆ ಬ್ರಾಕೆಟ್ ಹಾಕಿದರೆ ಇಷ್ಟು ದಿನ ಬಂದ ಮೊತ್ತವೇ ಬರುತ್ತದೆ. ಬಲಕ್ಕೆ ಹಾಕಿದರೆ, ಪಕ್ಕದ ಕಾಮೆಂಟ್‌ನಲ್ಲಿ ಬರೆದಿರುವ ನಿಯಮದಂತೆ ಬರುತ್ತದೆ. ಎರಡೂ ಲಿಂಟ್‌ನಲ್ಲಿ ಪಾಸ್. ಯಾವುದು ಬೇಕು ಅಂತ ಅಕೌಂಟ್ಸ್‌ನವರನ್ನು ಕೇಳಿ ಮೇಲ್ ಹಾಕಿದ್ದೇನೆ. ಅವರು ಹೇಳುವ ತನಕ ಆ ಸಾಲನ್ನು ಮುಟ್ಟುವುದಿಲ್ಲ.