ಎಂಟು ನಿಮಿಷ, ಒಂದೇ ವೇಗ

ಸೀಟಿ ಊದಿದ ಹತ್ತು ಸೆಕೆಂಡಿನಲ್ಲೇ ಓಟದ ತರಗತಿಯ ಹಣೆಬರಹ ತಿಳಿದುಬಿಡುತ್ತದೆ. ಓಡಬೇಕಾದದ್ದು 1200 ಮೀಟರ್. ಮಕ್ಕಳಲ್ಲಿ ಮುಕ್ಕಾಲು ಪಾಲು 100 ಮೀಟರ್ ಓಟಕ್ಕೆ ನಿಂತವರಂತೆ ನುಗ್ಗುತ್ತಾರೆ. ಮೊದಲ 200 ಮೀಟರಿಗೆ 50 ಸೆಕೆಂಡು, ಎರಡನೆಯದಕ್ಕೆ 75, ಮೂರನೆಯದರ ನಡುವೆ ಸೊಂಟಕ್ಕೆ ಕೈಕೊಟ್ಟು ನಡಿಗೆ. ಕೊನೆಗೆ ಒಬ್ಬಿಬ್ಬರು ಮಾತ್ರ ಮೈದಾನದಲ್ಲಿ ಉಳಿದು, ಮಿಕ್ಕವರೆಲ್ಲ ನೋಡುತ್ತಿರುವಾಗ ಕಾಲೆಳೆಯುತ್ತ ಮುಗಿಸುತ್ತಾರೆ. ಆ ಮಕ್ಕಳ ತಲೆಯಲ್ಲಿ ಉಳಿಯುವುದು "ನನಗೆ ಓಡೋಕೆ ಬರಲ್ಲ" ಎಂಬ ಒಂದೇ ಮಾತು. ಆ ಮಾತು ನಿಜವಲ್ಲ. ನಿಧಾನವಾಗಿ ಶುರುಮಾಡುವುದನ್ನು ಅವರಿಗೆ ಯಾರೂ ಕಲಿಸಿಲ್ಲ, ಅಷ್ಟೇ.

ಕಲಿಸುವುದಕ್ಕೆ ಒಂದು ಪೀರಿಯಡ್ ಸಾಕು. 45 ನಿಮಿಷ, ನಲವತ್ತು ಮಕ್ಕಳು, ಒಂದು ಸ್ಟಾಪ್‌ವಾಚ್, ಇಪ್ಪತ್ತೈದು ಮೂವತ್ತು ಕೋನ್, ತಲೆಗೊಂದು ಹಾಳೆ. ಮೊದಲು ಬದಲಾಯಿಸಬೇಕಾದದ್ದು ದೂರದ ಲೆಕ್ಕವನ್ನು. ದೂರ ಗೊತ್ತುಮಾಡಿದರೆ ನಿಧಾನದ ಮಗು ಕೊನೆಗೆ ಒಂಟಿಯಾಗುತ್ತದೆ. ಸಮಯ ಗೊತ್ತುಮಾಡಿದರೆ ಎಲ್ಲರೂ ಒಟ್ಟಿಗೆ ಶುರುಮಾಡಿ ಒಟ್ಟಿಗೆ ನಿಲ್ಲುತ್ತಾರೆ. ಎಂಟು ನಿಮಿಷದ ಓಟದಲ್ಲಿ ಒಬ್ಬರು ಒಂಬತ್ತು ಸುತ್ತು ಹಾಕಿದರೆ ಇನ್ನೊಬ್ಬರು ಐದು ಹಾಕಿರಬಹುದು, ಆದರೆ ಇಬ್ಬರೂ ಓಡಿದ್ದು ಎಂಟು ನಿಮಿಷವೇ.

ಬೀಪ್ ಟೆಸ್ಟ್ ಇದೆಯಲ್ಲ ಎನ್ನುವವರಿದ್ದಾರೆ. 1980ರ ದಶಕದಲ್ಲಿ ಕೆನಡಾದ ವ್ಯಾಯಾಮ ವಿಜ್ಞಾನಿ ಲುಕ್ ಲೆಜೆ ರೂಪಿಸಿದ ಈ 20 ಮೀಟರ್ ಷಟಲ್ ಓಟ, ಅಂದರೆ ಎರಡು ಗೆರೆಗಳ ನಡುವೆ ಹೋಗಿ ಬಂದು ಓಡುವುದು, ಒಳ್ಳೆಯ ಪರೀಕ್ಷೆಯೇ. ಗಂಟೆಗೆ 8.5 ಕಿಲೋಮೀಟರ್ ವೇಗದಲ್ಲಿ ಶುರುವಾಗಿ ನಿಮಿಷಕ್ಕೆ 0.5ರಂತೆ ಏರುತ್ತದೆ, ಬೀಪ್ ಶಬ್ದಕ್ಕೆ ಗೆರೆ ಮುಟ್ಟಲಾಗದವರು ಹೊರಗೆ. ಅಳತೆಗೆ ಸರಿ, ಪಾಠಕ್ಕೆ ಅಲ್ಲ. ಯಾರಿಗೆ ಅಭ್ಯಾಸ ಹೆಚ್ಚು ಬೇಕೋ ಅವರೇ ಎಲ್ಲರಿಗಿಂತ ಮೊದಲು ಹೋಗಿ ಗೋಡೆಯ ಪಕ್ಕ ಕೂರುತ್ತಾರೆ. ವೈದ್ಯ ಕೆನೆತ್ ಕೂಪರ್ 1968ರಲ್ಲಿ ಪ್ರಕಟಿಸಿದ 12 ನಿಮಿಷದ ಓಟದಲ್ಲಿ ಈ ತೊಂದರೆಯಿಲ್ಲ, ಆದರೆ ಅದು ಅಮೆರಿಕದ ವಾಯುಪಡೆಯ ಸಿಬ್ಬಂದಿಗಾಗಿ ಹುಟ್ಟಿದ್ದು. ಹೊಸದಾಗಿ ಓಡುವ ಹದಿನಾಲ್ಕರ ಮಗುವಿಗೆ 12 ನಿಮಿಷ ಉದ್ದವಾಯಿತು.

ಮೈದಾನ ಗುರುತುಮಾಡುವುದನ್ನು ಪೀರಿಯಡ್ಡಿಗೆ ಮೊದಲೇ ಮುಗಿಸಿರಬೇಕು. ನಾಲ್ಕು ಮೂಲೆಗೆ ನಾಲ್ಕೇ ಕೋನ್ ಇಟ್ಟರೆ ಮಕ್ಕಳು ಮೂಲೆ ಕತ್ತರಿಸುತ್ತಾರೆ. ಮೂಲೆಗೆ 3 ಮೀಟರ್ ಮುಂಚೆ ತಿರುಗಿ 3 ಮೀಟರ್ ಆಚೆ ಸೇರಿಕೊಂಡರೆ ಒಂದು ಮೂಲೆಗೆ ಸುಮಾರು 1.75 ಮೀಟರ್ ಉಳಿತಾಯ, ಸುತ್ತಿಗೆ 7 ಮೀಟರ್. ಅಷ್ಟಾದರೆ ಸುತ್ತಿನ ಸಮಯವನ್ನು ನಂಬುವ ಹಾಗಿಲ್ಲ. ಅದಕ್ಕೆ ಮೂಲೆಗಳನ್ನೇ ದುಂಡಗೆ ಮಾಡುವುದು ಮೇಲು. 66 ಮೀಟರ್ ಉದ್ದ, 42.6 ಮೀಟರ್ ಅಗಲದ ಆಯತ ಅಳೆದು, ಪ್ರತಿ ಮೂಲೆಯಲ್ಲೂ ಒಳಗೆ 10 ಮೀಟರ್ ತ್ರಿಜ್ಯದ ಕಾಲುವೃತ್ತ ಎಳೆಯಬೇಕು. ಮೂಲೆಯ ಎರಡೂ ಬದಿಗಳಿಂದ 10 ಮೀಟರ್ ಒಳಗಿನ ಬಿಂದುವಿನಲ್ಲಿ 10 ಮೀಟರ್ ಹಗ್ಗದ ಒಂದು ತುದಿಯನ್ನು ಒಬ್ಬರು ಹಿಡಿದು ನಿಂತರೆ ಇನ್ನೊಬ್ಬರು ಸುಣ್ಣದ ಪುಡಿ ಉದುರಿಸುತ್ತ ಹೋಗಬಹುದು. ಸುತ್ತಳತೆ ಸರಿಯಾಗಿ 200 ಮೀಟರ್ ಬರುತ್ತದೆ. ಪ್ರತಿ ತಿರುವಿಗೆ ಐದು ಕೋನ್. ಮಕ್ಕಳು ಗೆರೆಯಿಂದ ಒಂದಡಿ ಆಚೆ ಓಡುವುದರಿಂದ ಸುತ್ತಿಗೆ ಸುಮಾರು 2 ಮೀಟರ್ ಹೆಚ್ಚಾಗುತ್ತದೆ. ಎಲ್ಲರಿಗೂ ಒಂದೇ ಆದ್ದರಿಂದ ಚಿಂತೆಯಿಲ್ಲ.

ಬಟ್ಟೆ ಬದಲಾಯಿಸಿ, ಹಾಜರಿ ಮುಗಿಯುವಷ್ಟರಲ್ಲಿ ಐದು ನಿಮಿಷ ಹೋಗಿರುತ್ತದೆ. ಹಾಜರಿಯ ಜೊತೆಗೇ ಕೇಳಬೇಕಾದ ಪ್ರಶ್ನೆಗಳಿವೆ: ಉಬ್ಬಸ ಇರುವವರ ಇನ್ಹೇಲರ್ ಎಲ್ಲಿದೆ, ಜ್ವರದಿಂದ ಎದ್ದವರು ಯಾರು, ಕಾಲು ಉಳುಕಿದವರು ಯಾರು. ಇವತ್ತು ಓಡುವುದಿಲ್ಲ ಎನ್ನುವ ಹುಡುಗಿಯಿಂದ ಎಲ್ಲರೆದುರು ಕಾರಣ ಹೊರಡಿಸುವುದು ತಪ್ಪು. ಮುಟ್ಟಿನ ದಿನಗಳಲ್ಲಿ ಓಡಬಾರದೆಂಬ ವೈದ್ಯಕೀಯ ನಿಯಮವೇನೂ ಇಲ್ಲ, ಹಗುರವಾಗಿ ಓಡಿದರೆ ಎಷ್ಟೋ ಜನರಿಗೆ ಹೊಟ್ಟೆಯ ಸೆಳೆತ ಕಡಿಮೆಯೂ ಆಗುತ್ತದೆ. ಆದರೂ ತೀರ್ಮಾನ ಅವಳದ್ದು. "ಇವತ್ತು ನಡೆಯುತ್ತೇನೆ" ಎಂಬ ಆಯ್ಕೆಯನ್ನು ಹಾಳೆಯಲ್ಲೇ ಎಲ್ಲರಿಗೂ ಇಟ್ಟುಬಿಟ್ಟರೆ ಯಾರೂ ಏನೂ ವಿವರಿಸಬೇಕಾಗುವುದಿಲ್ಲ. ನಡೆಯುವವರಿಗೂ ಅದೇ ಎಂಟು ನಿಮಿಷ, ಅದೇ ಲೆಕ್ಕ.

ಆಮೇಲೆ ನಾಡಿ. ಆರೋಗ್ಯದ ಪಾಠವೂ ಮೈದಾನದ ಪಾಠವೂ ಒಂದಾಗುವ ಜಾಗ ಇದು, ಇದನ್ನು ಅವಸರದಲ್ಲಿ ಮುಗಿಸಬಾರದು. ತೋರುಬೆರಳು ಮತ್ತು ನಡುಬೆರಳನ್ನು ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದ ಕೆಳಗೆ ಇಡಬೇಕು. ಹೆಬ್ಬೆರಳಿನಿಂದ ಹಿಡಿದರೆ ಅದರದ್ದೇ ಮಿಡಿತ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ಸಿಗದಿದ್ದರೆ ಬಹುತೇಕ ಕಾರಣ ಒಂದೇ, ಗಟ್ಟಿಯಾಗಿ ಒತ್ತಿರುತ್ತಾರೆ. ಬೆರಳು ಸಡಿಲಿಸಿದರೆ ಸಿಗುತ್ತದೆ. ಕತ್ತಿನಲ್ಲಿ ನೋಡುವುದಾದರೆ ಒಂದೇ ಪಕ್ಕ, ಮೆತ್ತಗೆ. ಎರಡೂ ಪಕ್ಕ ಒಟ್ಟಿಗೆ ಒತ್ತಬಾರದು. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು ವಾಡಿಕೆ. ಗಡಿಯಾರ ಶುರುವಾದ ಕ್ಷಣಕ್ಕೇ ಬಿದ್ದ ಮಿಡಿತವನ್ನು "ಸೊನ್ನೆ" ಎಂದು ಎಣಿಸಬೇಕು, "ಒಂದು" ಎಂದಲ್ಲ. ಒಂದು ಮಿಡಿತ ತಪ್ಪಿದರೆ ನಿಮಿಷಕ್ಕೆ ನಾಲ್ಕು ತಪ್ಪಿದ ಹಾಗೆ. ಕೂತಿರುವಾಗ ನಿಮಿಷಕ್ಕೆ 60ರಿಂದ 100ರ ಒಳಗೆ ಬಂದರೆ ಸರಿ. 140 ಎಂದು ಬರೆದವರ ಪಕ್ಕ ಕೂತು ಇನ್ನೊಮ್ಮೆ ಎಣಿಸಬೇಕು. ಹೆಚ್ಚಿನ ಸಲ ಗುಣಾಕಾರ ತಪ್ಪಿರುತ್ತದೆ.

220ರಿಂದ ವಯಸ್ಸು ಕಳೆದರೆ ಹೃದಯದ ಗರಿಷ್ಠ ಬಡಿತ ಸಿಗುತ್ತದೆ ಎಂಬ ಸೂತ್ರವನ್ನು ಪೋಸ್ಟರಿನಂತೆ ಅಂಟಿಸುವ ಅಭ್ಯಾಸವಿದೆ. 15ರ ಮಗುವಿಗೆ ಅದು 205 ಎನ್ನುತ್ತದೆ. 2001ರಲ್ಲಿ ಸಂಶೋಧಕ ತನಾಕಾ ಮತ್ತು ಸಹೋದ್ಯೋಗಿಗಳು ಕೊಟ್ಟ ಸೂತ್ರ, ಅಂದರೆ 208ರಿಂದ ವಯಸ್ಸಿನ 0.7 ಪಾಲನ್ನು ಕಳೆಯುವುದು, 197.5 ಎನ್ನುತ್ತದೆ. ಎರಡೂ ಸರಾಸರಿಗಳೇ. ಒಂದೇ ಬೆಂಚಿನ ಇಬ್ಬರು ಮಕ್ಕಳಲ್ಲಿ ಹತ್ತಿಪ್ಪತ್ತು ಬಡಿತದ ವ್ಯತ್ಯಾಸ ಇರಬಹುದು. ಓಡುವಾಗ ಅದಕ್ಕಿಂತ ನಂಬಿಗಸ್ತ ಅಳತೆ ಮಾತು. ಪೂರ್ತಿ ವಾಕ್ಯ ಹೇಳಲಾದರೆ, ಹಾಡಲಾಗದಿದ್ದರೆ, ಶ್ರಮ ಮಧ್ಯಮ. ಎರಡು ಮೂರು ಪದಕ್ಕೇ ಉಸಿರು ಬೇಕಾದರೆ ತೀವ್ರ. ಮೊದಲ ಎರಡು ನಿಮಿಷದಲ್ಲೇ ಮಾತು ನಿಂತುಹೋಗಿದ್ದರೆ ವೇಗ ಹೆಚ್ಚಾಗಿದೆ.

ವಾರ್ಮಪ್‌ಗೆ ಏಳು ನಿಮಿಷ. ಒಂದು ಸುತ್ತು ಬಿರುಸಿನ ನಡಿಗೆ, ಒಂದು ಸುತ್ತು ಮೆಲುಓಟ, ಆಮೇಲೆ 15 ಮೀಟರ್ ದೂರಕ್ಕೆ ಮಂಡಿ ಎತ್ತಿ ಓಡುವುದು, ಹಿಮ್ಮಡಿ ಹಿಂದಕ್ಕೆ ಎತ್ತಿ ಪೃಷ್ಠಕ್ಕೆ ತಟ್ಟುವುದು, ಉದ್ದ ಹೆಜ್ಜೆಯಿಟ್ಟು ಮಂಡಿ ಬಗ್ಗಿಸಿ ಇಳಿಯುವ ಲಂಜ್, ಕಾಲು ಬೀಸುವುದು. ಸಾಲಾಗಿ ನಿಂತು ನಿಮಿಷಗಟ್ಟಲೆ ಕಾಲ್ಬೆರಳು ಮುಟ್ಟಿಸುವುದನ್ನು ಓಟಕ್ಕೆ ಮೊದಲು ಮಾಡಿಸಬೇಕಾಗಿಲ್ಲ. ಒಂದೇ ಸ್ನಾಯುವನ್ನು 60 ಸೆಕೆಂಡಿಗಿಂತ ಹೆಚ್ಚು ಹಿಗ್ಗಿಸಿ ಹಿಡಿದರೆ ಸ್ವಲ್ಪ ಹೊತ್ತು ಅದರ ಬಲವೇ ತಗ್ಗುತ್ತದೆ. ಅದು ಓಟದ ನಂತರದ ಕೆಲಸ.

ಈಗ ಜೋಡಿಗಳು. ಒಬ್ಬರು ಓಡುತ್ತಾರೆ, ಇನ್ನೊಬ್ಬರು ಬರೆಯುತ್ತಾರೆ, ಆಮೇಲೆ ಅದಲುಬದಲು. ಓಡುವವರು ಮೊದಲೇ ತಮ್ಮ ಗುರಿಯನ್ನು ಬರೆದಿರಬೇಕು: ಒಂದು ಸುತ್ತಿಗೆ ಎಷ್ಟು ಸೆಕೆಂಡು. ಮೊದಲ ಸಲ ಊಹೆ ಕಷ್ಟ. ವಾರ್ಮಪ್‌ನ ಮೆಲುಓಟದ ಸುತ್ತಿಗೆ ಎಷ್ಟು ಹಿಡಿಯಿತೆಂದು ಹೇಳಿದರೆ ಅದರ ಆಸುಪಾಸಿನಲ್ಲೇ ಬರೆಯುತ್ತಾರೆ. 80 ಸೆಕೆಂಡಿನ ಸುತ್ತಾದರೆ ಎಂಟು ನಿಮಿಷಕ್ಕೆ ಸರಿಯಾಗಿ ಆರು ಸುತ್ತು, ಅದೇ 1200 ಮೀಟರ್.

ಅಂಕ ಕೊಡುವುದು ದೂರಕ್ಕಲ್ಲ. ಅತಿ ಹೆಚ್ಚು ಸಮಯ ತೆಗೆದುಕೊಂಡ ಸುತ್ತಿನಿಂದ ಅತಿ ಕಡಿಮೆ ತೆಗೆದುಕೊಂಡ ಸುತ್ತನ್ನು ಕಳೆದರೆ ಬರುವ ಅಂತರವೇ ಅಂಕ, ಕಡಿಮೆಯಾದಷ್ಟೂ ಒಳ್ಳೆಯದು. ಮೊದಲ ಮತ್ತು ಕೊನೆಯ ಸುತ್ತನ್ನು ಮಾತ್ರ ಹೋಲಿಸಿದರೆ ಮಕ್ಕಳು ನಡುವೆ ನಡೆದು ಕೊನೆಗೆ ದೌಡಾಯಿಸಿ ಅಂಕ ಗಿಟ್ಟಿಸುತ್ತಾರೆ, ಅದಕ್ಕೆ ಎಲ್ಲ ಸುತ್ತುಗಳನ್ನೂ ಹಿಡಿಯಬೇಕು. ಸೀಟಿ ಊದಿದಾಗ ಅರ್ಧಕ್ಕೆ ನಿಂತ ಸುತ್ತನ್ನು ಬಿಟ್ಟುಬಿಡಬೇಕು.

ಬರೆಯುವಲ್ಲಿ ಆಗುವ ಎಡವಟ್ಟು ಒಂದೇ. ಗಡಿಯಾರವನ್ನು "1 ನಿಮಿಷ 58", "3 ನಿಮಿಷ 12" ಎಂದು ಕೂಗಿದರೆ ಮಕ್ಕಳು 312ರಿಂದ 158 ಕಳೆದು 154 ಎಂದು ಬರೆಯುತ್ತಾರೆ; ನಿಜವಾದ ಉತ್ತರ 74. ಹಾಗಾಗಿ ಗೆರೆಯ ಬಳಿ ನಿಂತು ಒಟ್ಟು ಸೆಕೆಂಡನ್ನೇ ಕೂಗಬೇಕು: 118, 119, 120. ಜೊತೆಗಾರರು ತಮ್ಮವರು ಗೆರೆ ದಾಟಿದಾಗ ಕೇಳಿಸಿದ ಸಂಖ್ಯೆಯನ್ನಷ್ಟೇ ಬರೆದಿಟ್ಟರೆ ಸಾಕು, ಕಳೆಯುವುದು ಆಮೇಲೆ.

ಸೀಟಿ ಊದುತ್ತಲೂ ಅದೇ ನುಗ್ಗಾಟ ಆಗೇ ಆಗುತ್ತದೆ, ಎಷ್ಟು ಹೇಳಿದ್ದರೂ. ಆಗ ಬಯ್ಯುವ ಬದಲು ಮೊದಲ 100 ಮೀಟರಿನ ಬಳಿ ಒಬ್ಬರು ನಿಂತು ಸಮಯ ಹೇಳಬೇಕು. 80ರ ಗುರಿಯವರು ಅಲ್ಲಿ 40ಕ್ಕೆ ಬರಬೇಕಿತ್ತು, 26ಕ್ಕೆ ಬಂದರೆ ಅವರಿಗೇ ಅರ್ಥವಾಗುತ್ತದೆ. ಹೀಗೆ ನುಗ್ಗಿದ್ದಕ್ಕೆ ದೇಹ ಬೆಲೆ ತೆರುವುದು ಹೀಗೆ: ಓಟ ಶುರುವಾದ ಕೂಡಲೇ ಸ್ನಾಯುಗಳಿಗೆ ಬೇಕಾದಷ್ಟು ಆಮ್ಲಜನಕ ಒದಗುವುದಿಲ್ಲ. ಹೃದಯ, ಶ್ವಾಸಕೋಶಗಳು ಆ ಬೇಡಿಕೆಯ ಮಟ್ಟಕ್ಕೆ ಏರಲು ಎರಡು ಮೂರು ನಿಮಿಷ ಬೇಕು. ಅಲ್ಲಿಯವರೆಗಿನ ಕೊರತೆಯನ್ನು ಸ್ನಾಯು ಆಮ್ಲಜನಕವಿಲ್ಲದ ದಾರಿಯಲ್ಲಿ ತುಂಬಿಕೊಳ್ಳುತ್ತದೆ, ಅದರ ಜೊತೆಗೆ ಆಮ್ಲೀಯತೆ ಹೆಚ್ಚಿ ಕಾಲು ಭಾರವಾಗುತ್ತದೆ, ಉಸಿರು ಏರುತ್ತದೆ. ನಿಧಾನವಾಗಿ ಹೊರಟವರಿಗೆ ಈ ಸಾಲ ಚಿಕ್ಕದು. ನುಗ್ಗಿದವರಿಗೆ ಅದು ಮೂರನೆಯ ಸುತ್ತಿಗೆ ತೀರಿಸಲಾಗದಷ್ಟು ಬೆಳೆದಿರುತ್ತದೆ.

ನಡುವೆ ಪಕ್ಕೆ ಹಿಡಿಯುವವರು ಇದ್ದೇ ಇರುತ್ತಾರೆ, ಅದರಲ್ಲೂ ಆಗಷ್ಟೇ ಊಟ ಮಾಡಿದವರು ಅಥವಾ ಒಮ್ಮೆಲೇ ತುಂಬ ನೀರು ಕುಡಿದವರು. ವೇಗ ಇಳಿಸಿ, ನೋಯುವ ಜಾಗವನ್ನು ಕೈಯಿಂದ ಒತ್ತಿ, ಸ್ವಲ್ಪ ಮುಂದಕ್ಕೆ ಬಾಗಿ, ಉಸಿರನ್ನು ಉದ್ದಕ್ಕೆ ಹೊರಬಿಟ್ಟರೆ ಸಾಮಾನ್ಯವಾಗಿ ಹೋಗುತ್ತದೆ. ಮಂಡಿಚಿಪ್ಪಿನ ಕೆಳಗೆ ಮೂಳೆ ಉಬ್ಬಿದ ಜಾಗದಲ್ಲಿ ನೋವೆಂದರೆ ಬೇರೆ ಮಾತು. ಬೆಳೆಯುವ ವಯಸ್ಸಿನ, ಆಟ ಹೆಚ್ಚು ಆಡುವ ಮಕ್ಕಳಲ್ಲಿ ಇದು ಮಾಮೂಲು. 1903ರಲ್ಲಿ ಇದನ್ನು ವಿವರಿಸಿದ ವೈದ್ಯರಾದ ಆಸ್ಗುಡ್ ಮತ್ತು ಷ್ಲಾಟರ್ ಅವರ ಹೆಸರಿನಲ್ಲೇ ಇದನ್ನು ಕರೆಯುತ್ತಾರೆ. ಅದನ್ನು ಸೋಮಾರಿತನ ಎನ್ನಬಾರದು. ನೆಗೆತ, ಓಟ ಕಡಿಮೆ ಮಾಡಿಸಿ ಮನೆಯವರಿಗೆ ತಿಳಿಸಬೇಕು.

ಕೂಡಲೇ ಓಟ ನಿಲ್ಲಿಸಬೇಕಾದ ಸೂಚನೆಗಳನ್ನು ಯಾವ ಶಿಕ್ಷಕರೂ ಮರೆಯುವಂತಿಲ್ಲ. ಎದೆ ಬಿಗಿತ, ಸಿಳ್ಳೆಯಂಥ ಉಸಿರು ಬಂದರೆ ಇನ್ಹೇಲರ್. ಓಟದಿಂದ ಕೆರಳುವ ಉಬ್ಬಸ ಎಷ್ಟೋ ಸಲ ಓಟ ನಿಂತ ಐದು ಹತ್ತು ನಿಮಿಷದ ಮೇಲೆ ಜೋರಾಗುತ್ತದೆ, ಹಾಗಾಗಿ ಆ ಮಗುವನ್ನು ತಕ್ಷಣ ಒಂಟಿಯಾಗಿ ಬಟ್ಟೆ ಬದಲಾಯಿಸಲು ಕಳಿಸಬಾರದು. ಬಿಸಿಲಿನಲ್ಲಿ ತಡವರಿಸಿ ಮಾತಾಡುವುದು, ಗೊಂದಲಗೊಳ್ಳುವುದು ಶಾಖಾಘಾತದ ಲಕ್ಷಣ: ಆಂಬುಲೆನ್ಸಿಗೆ ಕರೆ ಹೋಗುತ್ತಿರುವಾಗಲೇ ನೆರಳಿಗೆ ಒಯ್ದು ತಣ್ಣೀರಿನಿಂದ ಮೈ ತಣಿಸಬೇಕು, ಗಾಡಿಗಾಗಿ ಕಾಯಬಾರದು. ಓಟ ಮುಗಿದ ಮೇಲೆ ತಲೆ ತಿರುಗಿ ಕುಸಿಯುವುದಕ್ಕೂ, ಓಡುತ್ತಿರುವಾಗಲೇ ಪ್ರಜ್ಞೆ ತಪ್ಪಿ ಬೀಳುವುದಕ್ಕೂ ಬಹಳ ಅಂತರವಿದೆ. ಎರಡನೆಯದು ಹೃದಯದ ತೊಂದರೆ ಇರಬಹುದೆಂಬ ಎಚ್ಚರಿಕೆ. ಎದ್ದು ಕೂತು "ಸರಿಹೋಯ್ತು" ಎಂದರೂ ವೈದ್ಯರು ಪರೀಕ್ಷಿಸುವ ತನಕ ಆ ಮಗು ಮತ್ತೆ ಓಡಬಾರದು. ಎಬ್ಬಿಸಿದರೂ ಮಿಸುಕದೆ, ಸರಿಯಾಗಿ ಉಸಿರಾಡದೆ ಇದ್ದರೆ ಆಂಬುಲೆನ್ಸಿಗೆ ಕರೆಮಾಡಿಸಿ, ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ, ಸುಮಾರು 5 ಸೆಂಟಿಮೀಟರ್ ಆಳಕ್ಕೆ ಒತ್ತುತ್ತಿರಬೇಕು. ವಿದ್ಯುತ್ ಆಘಾತ ಕೊಟ್ಟು ಹೃದಯದ ಲಯ ಸರಿಪಡಿಸುವ ಯಂತ್ರ, ಡಿಫಿಬ್ರಿಲೇಟರ್, ಹತ್ತಿರದಲ್ಲಿ ಎಲ್ಲಿದೆ ಎಂಬುದು ವರ್ಷದ ಮೊದಲ ದಿನವೇ ಗೊತ್ತಿರಬೇಕು.

ಎಂಟು ನಿಮಿಷದ ಸೀಟಿಗೆ ಯಾರೂ ಧೊಪ್ಪನೆ ಕೂರಬಾರದು. ಓಡುವಾಗ ಮೀನಖಂಡ, ತೊಡೆಗಳೇ ರಕ್ತವನ್ನು ಮೇಲಕ್ಕೆ ಹಿಂಡುತ್ತಿರುತ್ತವೆ. ಒಮ್ಮೆಲೇ ನಿಂತರೆ ರಕ್ತ ಕಾಲಿನಲ್ಲೇ ತಂಗಿ ಕಣ್ಣು ಕತ್ತಲಿಡುತ್ತದೆ. ನಿಂತಲ್ಲೇ ಹೆಜ್ಜೆ ಹಾಕುತ್ತ 15 ಸೆಕೆಂಡು ನಾಡಿ ಎಣಿಸಿ ಬರೆದು, ನಡೆದಾಡಿ, ಒಂದು ನಿಮಿಷದ ಮೇಲೆ ಮತ್ತೆ 15 ಸೆಕೆಂಡು ಎಣಿಸಬೇಕು. ಮೊದಲನೆಯದು 44, ಎರಡನೆಯದು 34 ಬಂದರೆ 176ರಿಂದ 136ಕ್ಕೆ, ಒಂದು ನಿಮಿಷಕ್ಕೆ 40 ಇಳಿದಂತಾಯಿತು. ಅಭ್ಯಾಸ ಹೆಚ್ಚಿದಂತೆ ಈ ಇಳಿತ ಚುರುಕಾಗುತ್ತದೆ. ಅದನ್ನು ತಮ್ಮದೇ ಹಳೆಯ ಸಂಖ್ಯೆಯ ಪಕ್ಕ ಇಟ್ಟು ನೋಡಬೇಕು, ಪಕ್ಕದವರದ್ದರ ಜೊತೆ ಅಲ್ಲ. ಹುಡುಗಿಯರಲ್ಲಿ ಸುಮಾರು 12ಕ್ಕೆ, ಹುಡುಗರಲ್ಲಿ ಸುಮಾರು 14ಕ್ಕೆ ಎತ್ತರ ಅತಿ ವೇಗವಾಗಿ ಏರುತ್ತದೆ, ಅದೂ ಒಬ್ಬೊಬ್ಬರಲ್ಲಿ ಎರಡು ವರ್ಷ ಹಿಂದುಮುಂದು. ಒಂದೇ ತರಗತಿಯ ಹುಡುಗರ ಓಟದ ಸಮಯ ಹೋಲಿಸಿದರೆ ಯಾರು ಮೊದಲು ಬೆಳೆದರು ಎಂಬುದನ್ನೇ ಅರ್ಧ ಅಳೆದಂತೆ. ಸುತ್ತುಗಳ ಅಂತರದಲ್ಲಾದರೆ 110 ಸೆಕೆಂಡಿಗೊಂದು ಸುತ್ತು ಹಾಕುವ ಮಗು ತರಗತಿಗೇ ಮೊದಲು ಬರಬಹುದು, ಬರುತ್ತದೆ ಕೂಡ.

ತಪ್ಪು ಮಾಡಿದ್ದಕ್ಕೆ "ಎರಡು ಸುತ್ತು ಓಡು" ಎನ್ನುವುದನ್ನು ಈ ಪಾಠ ಕಲಿಸುವವರು ಬಿಟ್ಟೇಬಿಡಬೇಕು. 5ರಿಂದ 17 ವಯಸ್ಸಿನವರಿಗೆ ದಿನಕ್ಕೆ ಸರಾಸರಿ 60 ನಿಮಿಷದ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ಶಾಲೆಯ ಪೀರಿಯಡ್ಡಿನಲ್ಲಿ ಮೈ ಬೆವರುವುದು ಆ 60 ನಿಮಿಷದ ಅರ್ಧಕ್ಕಿಂತ ಕಡಿಮೆ ಹೊತ್ತು. ಉಳಿದದ್ದನ್ನು ಮಗು ತಾನಾಗಿ ಮಾಡಬೇಕು. ಶಿಕ್ಷೆಯಾಗಿ ಉಂಡದ್ದನ್ನು ಯಾರು ತಾನಾಗಿ ಮಾಡಿಯಾರು?

ಹಾಳೆಯ ಕೊನೆಯ ಖಾನೆ ಮುಂದಿನ ವಾರದ ಗುರಿಯದ್ದು. ಅಂತರ 6 ಸೆಕೆಂಡಿನ ಒಳಗೆ ಬಂದವರು ಗುರಿಯನ್ನು 2 ಸೆಕೆಂಡು ಇಳಿಸಿಕೊಳ್ಳಬಹುದು, 92 ಇದ್ದವರು 90 ಎಂದು ಬರೆಯುತ್ತಾರೆ. ಅಂತರ 6ಕ್ಕಿಂತ ಹೆಚ್ಚು, 20ಕ್ಕಿಂತ ಕಡಿಮೆ ಇದ್ದರೆ ಎಷ್ಟೇ ವೇಗವಾಗಿ ಓಡಿದ್ದರೂ ಗುರಿ ಅದೇ. 20 ಅಥವಾ ಹೆಚ್ಚಿನ ಅಂತರ ಬಂದವರು, ಮೊದಲ ಸುತ್ತಿನಲ್ಲಿ ನುಗ್ಗಿದವರೇ ಸಾಮಾನ್ಯವಾಗಿ ಅವರು, ಗುರಿಗೆ 5 ಸೆಕೆಂಡು ಸೇರಿಸಿ ಬರೆಯಬೇಕು. ಮುಂದಿನ ವಾರ ಅವರ ಜೊತೆಗಾರರಿಗೆ ಒಂದು ಕೆಲಸ ಹೆಚ್ಚು: ಮೊದಲ 100 ಮೀಟರಿನ ಕೋನ್ ಹತ್ತಿರ ನಿಂತು "ನಿಧಾನ" ಎಂದು ಕೂಗುವುದು.