ಕೈಯಲ್ಲೇ ಬರೆಯುತ್ತಿರುವ ಹೊನ್ನಾವರದ ನಕ್ಷೆ: ಅಳಿವೆಯವರೆಗೆ ಬಂದ ಕೆಲಸ

ಆಷಾಢದಲ್ಲಿ ನಿಂತಿದ್ದ ಕೆಲಸ ದೀಪಾವಳಿ ಕಳೆದ ಮೇಲೆ ಮತ್ತೆ ಶುರುವಾಗಿದೆ. ಉತ್ತರಕ್ಕೆ ಹಳದೀಪುರ, ದಕ್ಷಿಣಕ್ಕೆ ಮಂಕಿ, ಪೂರ್ವಕ್ಕೆ ಗೇರುಸೊಪ್ಪೆ, ಪಶ್ಚಿಮಕ್ಕೆ ಕಡಲು. ಇಷ್ಟನ್ನು ನಾಲ್ಕು ದೊಡ್ಡ ಡ್ರಾಯಿಂಗ್ ಹಾಳೆಗಳನ್ನು ಜೋಡಿಸಿ, ಒಂದು ಸೆಂಟಿಮೀಟರಿಗೆ 250 ಮೀಟರ್ ಅಳತೆಯಲ್ಲಿ ಬರೆಯುತ್ತಿದ್ದೇನೆ. ಮೊಬೈಲಿನ ನಕ್ಷೆ ಕೈಯಲ್ಲೇ ಇರುವಾಗ ಇದೇಕೆ ಎಂದು ಮನೆಯಲ್ಲಿ ಕೇಳುತ್ತಾರೆ. ಆ ನಕ್ಷೆಯಲ್ಲಿ ಅಂಗಡಿಗಳಿವೆ, ಪೆಟ್ರೋಲ್ ಬಂಕುಗಳಿವೆ. ಜಾಗಗಳಿಗೆ ನಮ್ಮ ಜನ ದಿನವೂ ಹೇಳುವ ಹೆಸರುಗಳಲ್ಲಿ ಅರ್ಧಕ್ಕರ್ಧ ಇಲ್ಲ. ಅವು ನನಗೆ ಬೇಕು.

ಮಳೆಗಾಲದ ಹಾನಿಯನ್ನು ಮೊದಲೇ ಹೇಳುತ್ತೇನೆ. ಹಾಳೆಗಳನ್ನು ಮೈದಾ ಅಂಟಿನಿಂದ ಜೋಡಿಸಿದ್ದೆ. ಕರಾವಳಿಯ ತೇವಕ್ಕೆ ಅಂಟು ಬಿಟ್ಟುಕೊಂಡಿತು, ಉಳಿದದ್ದನ್ನು ಜಿರಲೆ ತಿಂದಿತು. ಇಡಗುಂಜಿಯ ಸುತ್ತಲಿನ ಶಾಯಿ ಹಬ್ಬಿ ದಾರಿಯೂ ಹಳ್ಳವೂ ಒಂದಾದವು. ಆ ಮೂಲೆಯನ್ನು ಪೂರ್ತಿ ಹೊಸದಾಗಿ ಬರೆದೆ. ಈಗ ಹಾಳೆಗಳ ಹಿಂಬದಿಗೆ ಹತ್ತಿಬಟ್ಟೆ ಹಚ್ಚಿದ್ದೇನೆ, ನೀರಿಗೆ ಹಬ್ಬದ ಶಾಯಿ ತಂದಿದ್ದೇನೆ.

ಇದಕ್ಕಿಂತ ದೊಡ್ಡ ತಪ್ಪು ನದಿಯದು. ಕೊಂಕಣ ರೈಲ್ವೆಯ ಶರಾವತಿ ಸೇತುವೆಯ ಉದ್ದ 2,065 ಮೀಟರಿಗೆ ತುಸು ಮೇಲೆ. ಆ ಮಾರ್ಗದ ಸೇತುವೆಗಳಲ್ಲೆಲ್ಲ ಉದ್ದನೆಯದು. ನನ್ನ ಲೆಕ್ಕದಲ್ಲಿ ಅದು ಎಂಟೂಕಾಲು ಸೆಂಟಿಮೀಟರ್ ಬರಬೇಕು. ಸ್ಕೇಲಿಟ್ಟು ನೋಡಿದರೆ ಬರೀ ಏಳು! ಶರಾವತಿಯನ್ನೇ ಮುನ್ನೂರು ಮೀಟರ್ ಕಿರಿದು ಮಾಡಿಬಿಟ್ಟಿದ್ದೆ. ಎರಡು ರಾತ್ರಿ ಕೂತು ದಕ್ಷಿಣದ ದಡವನ್ನು ಅಳಿಸಿ ಬರೆದೆ. ಅಲ್ಲಿಂದ ಆ ಸೇತುವೆಯೇ ನನ್ನ ಅಳತೆಗೋಲು.

ಹೆಸರು ಕೂಡಿಸುವುದು ಈ ಕೆಲಸದಲ್ಲಿ ನನಗೆ ಅತಿ ಪ್ರಿಯವಾದ ಭಾಗ. ಮಾವಿನಕುರ್ವೆ, ಪಾವಿನಕುರ್ವೆ: ಕುರ್ವೆ ಎಂದರೆ ನೀರು ಸುತ್ತುವರಿದ ನೆಲ. ಕಾಸರಕೋಡದ ಟೊಂಕ ನದಿಗೂ ಕಡಲಿಗೂ ನಡುವೆ ಸೊಂಟದ ಹಾಗೆ ಸಣ್ಣಗಾಗಿ ಹೋದ ಮರಳುನೆಲ. ಆ ಆಕಾರವನ್ನು ಕಂಡೇ ಯಾರೋ ಹೆಸರಿಟ್ಟಿರಬೇಕು ಎಂದು ನನಗನ್ನಿಸುತ್ತದೆ. ಅಲ್ಲಿ ಮೀನು ಒಣಗಿಸುವ ಬಯಲನ್ನು ಸಣ್ಣ ಸಣ್ಣ ಗೆರೆಗಳಲ್ಲಿ ತೋರಿಸಿದ್ದೇನೆ. ಕಡಲಾಮೆಗಳು ಮೊಟ್ಟೆಯಿಡಲು ಬರುವ ಮರಳಿಗೆ ಬೇರೆ ಗುರುತು. ಬೆಟ್ಟದ ಮೇಲಿನ ಕರಿಕಾನಮ್ಮನ ಹೆಸರಿನಲ್ಲೇ ಕಾನು ಇದೆ, ಹಾಗಾಗಿ ಆ ಗುಡ್ಡಕ್ಕೆ ಉಳಿದ ಕಾಡಿಗಿಂತ ದಟ್ಟ ಹಸಿರು ಹಚ್ಚಿದೆ. ಹಾಳೆ ಸುತ್ತಿಕೊಂಡು ಅಲ್ಲಿಗೆ ಹತ್ತಿದ್ದೆ. ಕೆಳಗೆ ನದಿ, ಆಚೆ ಕಡಲು. ನಾನು ಬರೆದ ತಿರುವು ಮತ್ತು ಕಣ್ಣೆದುರಿನ ತಿರುವು ಒಂದೇ ಎಂದು ಕಂಡಾಗ ಆದ ಸಂತೋಷಕ್ಕೆ ಬಿಸಿಲಿನ ದಣಿವೆಲ್ಲ ಇಳಿಯಿತು.

ಗುಣವಂತೆಗೆ ಏನು ಗುರುತು ಹಾಕುವುದೆಂದು ಬಹಳ ಯೋಚಿಸಲಿಲ್ಲ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಯಕ್ಷಗಾನ ಮೇಳದ ನೆಲ ಅದು. ವೇಷಧಾರಿ ತಲೆಗೆ ಕಟ್ಟುವ ಕೇದಗೆ ಮುಂದಲೆಯನ್ನು ಕಾಳಿನಷ್ಟು ಗಾತ್ರದಲ್ಲಿ ಬರೆದೆ. ಮೂರು ಸಲ ಬರೆದರೂ ಮೊದಲು ಎಲೆಯಂತೆಯೇ ಕಾಣುತ್ತಿತ್ತು. ಕೆಂಪು ಅಂಚು ಕೊಟ್ಟ ಮೇಲೆ ವೇಷ ಕುದುರಿತು.

ಗೇರುಸೊಪ್ಪೆಯ ತುದಿ ಇನ್ನೂ ಪೆನ್ಸಿಲಿನಲ್ಲೇ ಇದೆ. ನಗರಬಸ್ತಿಕೇರಿಯ ಚತುರ್ಮುಖ ಬಸದಿಯ ನಾಲ್ಕು ಬಾಗಿಲುಗಳನ್ನು ಮಾತ್ರ ಆಗಲೇ ಶಾಯಿಯಲ್ಲಿ ತೋರಿಸಿಬಿಟ್ಟೆ, ತಡೆಯಲಾಗಲಿಲ್ಲ. ಸುತ್ತ ಕಾಡು, ನಡುವೆ ನಾಲ್ಕು ದಿಕ್ಕಿಗೂ ತೆರೆದ ಕಲ್ಲಿನ ಕಟ್ಟಡ. 1552ರಿಂದ 1606ರವರೆಗೆ ಇಲ್ಲಿಂದ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದರು. ಘಟ್ಟದ ಕಾಳುಮೆಣಸು ಈ ಹೊಳೆಯ ಬಾಯಿಯ ಬಂದರಿಗೆ ಇಳಿಯುತ್ತಿತ್ತು. ಗೇರುಸೊಪ್ಪೆಯನ್ನು ಬಿಟ್ಟು ಹೊನ್ನಾವರದ ನಕ್ಷೆ ಬರೆಯಲು ಸಾಧ್ಯವೇ ಇಲ್ಲ ಎಂದು ನಾನು ಹಟ ಹಿಡಿದದ್ದು ಅದಕ್ಕೇ; ಎರಡು ಹಾಳೆ ಹೆಚ್ಚು ಬೇಕಾದದ್ದೂ ಅದಕ್ಕೇ. ಪಟ್ಟಣದ ಪಕ್ಕದ ಅಂಚಿನಲ್ಲಿ ಇಬ್ನ್ ಬತೂತನ ಮಾತನ್ನೂ ಬರೆದಿದ್ದೇನೆ: 14ನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಆತ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳನ್ನು ಕಂಡೆ ಎಂದಿದ್ದಾನೆ. ಓದಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ.

ಇನ್ನು ಅಳಿವೆ, ಹೊಳೆ ಕಡಲು ಸೇರುವ ಜಾಗ. ಕಳೆದ ಭಾನುವಾರ ಬಂದರಿನ ಬಳಿ ಬಲೆ ಸರಿಪಡಿಸುತ್ತಿದ್ದ ಹಿರಿಯರೊಬ್ಬರ ಮುಂದೆ ಹಾಳೆ ಬಿಡಿಸಿದೆ. ಟೊಂಕದ ತುದಿಯಿಂದ ಬೆರಳು ಎಳೆಯುತ್ತ ಬಂದವರು ಅಳಿವೆಯ ಬಾಯಿಯಲ್ಲಿ ನಿಲ್ಲಿಸಿದರು.

"ತಮ್ಮಾ, ಇದು ಯಾವ ವರ್ಷದ ಅಳಿವೆ?"

ನನಗೆ ಉತ್ತರ ಹೊಳೆಯಲಿಲ್ಲ. ಒಂದೊಂದು ಮಳೆಗಾಲಕ್ಕೆ ಮರಳುದಿಣ್ಣೆ ಒಂದೊಂದು ಕಡೆ ಕೂರುತ್ತದೆ, ಹೋದ ವರ್ಷ ದೋಣಿ ಹೋದ ದಾರಿಯಲ್ಲಿ ಈ ವರ್ಷ ಅಡಿ ತಾಗುತ್ತದೆ ಎಂದು ವಿವರಿಸಿದರು. ಬಲೆಯ ಸೂಜಿಯ ತುದಿಯಿಂದಲೇ, ಕಾಗದಕ್ಕೆ ತಾಗಿಸದೆ, ಈಗ ದೋಣಿಗಳು ಹಿಡಿಯುವ ದಾರಿಯನ್ನು ಗಾಳಿಯಲ್ಲಿ ಬರೆದು ತೋರಿಸಿದರು. "ಬರೆದಿಟ್ಟರೆ ಅದು ನಿಲ್ಲುತ್ತದೆಯೇ ಅಜ್ಜ?" ಎಂದೆ. "ನಿಲ್ಲುವುದಿಲ್ಲ. ಆದರೂ ಬರೆ, ಪಕ್ಕದಲ್ಲಿ ವರ್ಷ ಹಾಕು" ಎಂದರು.

ಮನೆಗೆ ಬಂದು ಅಳಿವೆಯ ಶಾಯಿಯನ್ನು ಬ್ಲೇಡಿನಿಂದ ನಾಜೂಕಾಗಿ ಕೆರೆದು ತೆಗೆದೆ. ಆ ಮೂರು ಬೆರಳಿನಷ್ಟು ಜಾಗ ಇನ್ನು ಮುಂದೆ ಪೆನ್ಸಿಲಿನದು. ಈ ವರ್ಷದ ದಿಣ್ಣೆಗೆ ಚುಕ್ಕೆಗೆರೆ, ಪಕ್ಕದಲ್ಲಿ ವರ್ಷ. ಮುಂದಿನ ದೀಪಾವಳಿಗೆ ಅದರ ಪಕ್ಕದಲ್ಲೇ ಇನ್ನೊಂದು.

ಬಾಕಿ ಇರುವುದು ಬಸವರಾಜದುರ್ಗ. ದಡದಿಂದ ನೋಡಿ ಬರೆದ ದ್ವೀಪದ ಹೊರಗೆರೆ ನನಗೆ ಒಪ್ಪಿಗೆಯಾಗಿಲ್ಲ, ಕೋಟೆಯ ಕೆಂಪುಕಲ್ಲಿನ ಗೋಡೆಯ ಸುತ್ತ ನಡೆದೇ ಬರೆಯಬೇಕು. ಕಡಲು ತಣ್ಣಗಿದ್ದರೆ ಬರುವ ವಾರ ದೋಣಿಯಲ್ಲಿ ಕರೆದೊಯ್ಯುವುದಾಗಿ ಅಜ್ಜನ ಮಗ ಒಪ್ಪಿದ್ದಾರೆ. ಹಾಳೆ ನೆನೆಯದಂತೆ ಪ್ಲಾಸ್ಟಿಕ್ ಕೊಳವೆಯೊಂದನ್ನು ತಂದಿಟ್ಟಿದ್ದೇನೆ.