ಕೆಲಸ ನಿಲ್ಲಿಸಿದವರ ಕೂಲಿ

ಕಾಸರಗೋಡಿನಲ್ಲಿ ಮಣ್ಣು ಅಗೆಸುವ ಕೆಲಸಕ್ಕೆ ಇಳಿಯುವವರು ಮೊದಲು ಇಲ್ಲಿನ ನೆಲವನ್ನು ತಿಳಿದುಕೊಳ್ಳಬೇಕು. ಮೇಲೆ ಮುರಕಲ್ಲು, ಬಿಸಿಲು ಗಾಳಿ ತಾಗಿದಷ್ಟೂ ಗಟ್ಟಿಯಾಗುವಂಥದು. ಅದರ ಅಡಿಯಲ್ಲಿ ಬಿಳಿ, ನಸುಗೆಂಪು, ಹಳದಿ ಬಣ್ಣದ ಶೇಡಿ ಮಣ್ಣು. ಒಣಗಿದ್ದಾಗ ಇದನ್ನು ನೇರವಾಗಿ ಕಡಿದರೂ ಗೋಡೆಯ ಹಾಗೆ ನಿಲ್ಲುತ್ತದೆ. ನೀರು ಕುಡಿದ ಮೇಲೆ ಆ ಬಲವೆಲ್ಲ ಹೋಗುತ್ತದೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಲ್ಲಿ ಇಂಥ ಮಣ್ಣಿನೊಳಗೆ ಮನುಷ್ಯರನ್ನು ಇಳಿಸುತ್ತೇವೆ. 2025ರ ಮಳೆಗಾಲದಲ್ಲಿ ಚೆರುವತ್ತೂರಿನ ವೀರಮಲ ಗುಡ್ಡ ಹೆದ್ದಾರಿಯ ಮೇಲೆ ಕುಸಿದಾಗ ಎಲ್ಲರೂ ಈ ಮಣ್ಣಿನ ವಿಷಯ ಮಾತನಾಡಿದರು. ಆದರೆ ಆಳೆತ್ತರದ ಒಂದು ಚರಂಡಿಯ ಬದಿ ಕುಸಿದರೂ ಅದರಲ್ಲಿರುವವರ ಪ್ರಾಣ ಹೋಗಲು ಅಷ್ಟೇ ಸಾಕು. ಒಂದು ಘನ ಮೀಟರ್ ಹಸಿ ಮಣ್ಣಿನ ತೂಕ ಹೆಚ್ಚುಕಡಿಮೆ ಎರಡು ಟನ್. ಎದೆಯ ತನಕ ಹೂತುಹೋದವರು ತಲೆ ಹೊರಗಿದ್ದರೂ ಉಸಿರು ಎಳೆದುಕೊಳ್ಳಲಾರರು, ಏಕೆಂದರೆ ಎದೆ ಹಿಗ್ಗಲು ಜಾಗವೇ ಇರುವುದಿಲ್ಲ.

ಕುಂಬಳೆ, ಸೀತಾಂಗೋಳಿ, ಬದಿಯಡ್ಕ ಕಡೆಯಲ್ಲಿ ಅಡಿಪಾಯ, ತಡೆಗೋಡೆ, ಕೊಳವೆ ಹಾಕುವ ಕೆಲಸಗಳಿಗೆ ನಾನು ಸೂಪರ್‌ವೈಸರ್. ನಮ್ಮ ತಂಡ ಹತ್ತು ಹದಿನೈದು ಮಂದಿಯದು. ಕಾನೂನಿನ ಪ್ರಕಾರ ಸುರಕ್ಷತಾ ಅಧಿಕಾರಿ ಇರಲೇಬೇಕಾದದ್ದು ನೂರಾರು ಕೆಲಸಗಾರರಿರುವ ದೊಡ್ಡ ಕಾಮಗಾರಿಗಳಲ್ಲಿ. ಸಣ್ಣ ಸೈಟುಗಳಲ್ಲಿ ಆ ಹೊಣೆ ಸೂಪರ್‌ವೈಸರ್ ಮತ್ತು ಮೇಸ್ತ್ರಿಯ ತಲೆಯ ಮೇಲೆಯೇ ಬರುತ್ತದೆ. ಅದಕ್ಕೆಂದು ನಮಗೆ ಯಾರೂ ತರಬೇತಿ ಕೊಡುವುದಿಲ್ಲ. ಆದ್ದರಿಂದಲೇ ಇದನ್ನು ಬರೆಯುತ್ತಿದ್ದೇನೆ.

ಹೆಲ್ಮೆಟ್, ಗಂಬೂಟುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವು ಬೇಕು, ಕೊಡಿಸಬೇಕು, ಹಾಕಿಸಬೇಕು. ಮಣ್ಣು ಕುಸಿದರೆ ಅವುಗಳಿಂದ ಪ್ರಯೋಜನವಿಲ್ಲ. ಪ್ರಯೋಜನವಿರುವುದು ಅಗೆಯುವ ಕ್ರಮದಲ್ಲಿ. ಕೇಂದ್ರ ಲೋಕೋಪಯೋಗಿ ಇಲಾಖೆಯ ಸುರಕ್ಷತಾ ನಿಯಮಗಳು ಇದನ್ನು ಸ್ಪಷ್ಟವಾಗಿ ಹೇಳುತ್ತವೆ. 1.2 ಮೀಟರ್ ಅಥವಾ ಅದಕ್ಕಿಂತ ಆಳವಾದ ಕಂದಕದಲ್ಲಿ ಪ್ರತಿ 30 ಮೀಟರ್ ಉದ್ದಕ್ಕೆ ಕನಿಷ್ಠ ಒಂದು ಏಣಿ ಇರಬೇಕು. ಅದು ನೆಲಮಟ್ಟದಿಂದ 90 ಸೆಂಟಿಮೀಟರ್ ಮೇಲಕ್ಕೆ ಚಾಚಿರಬೇಕು. ಆಳ 1.5 ಮೀಟರ್ ತಲುಪಿತೆಂದರೆ ಬದಿಗಳನ್ನು ಮೆಟ್ಟಿಲಾಗಿ, ಇಳಿಜಾರಾಗಿ ಕಡಿಯಬೇಕು, ಇಲ್ಲವೇ ಹಲಗೆ ಮತ್ತು ಅಡ್ಡ ಆಧಾರಗಳಿಂದ ಭದ್ರಪಡಿಸಬೇಕು. ಅಗೆದ ಮಣ್ಣನ್ನು ಅಂಚಿನಿಂದ 1.5 ಮೀಟರ್ ಅಥವಾ ಕಂದಕದ ಅರ್ಧ ಆಳ, ಎರಡರಲ್ಲಿ ಯಾವುದು ಹೆಚ್ಚೋ ಅಷ್ಟು ದೂರ ಹಾಕಬೇಕು. ನಮ್ಮಲ್ಲಿ ಅತಿ ಹೆಚ್ಚು ಮುರಿಯುವುದು ಈ ಕೊನೆಯ ನಿಯಮವನ್ನು. ಅಕ್ಕಪಕ್ಕ ಅಡಕೆ ತೋಟ, ಕಾಂಪೌಂಡು, ರಸ್ತೆ, ಮಣ್ಣು ಹಾಕಲು ಜಾಗವೆಲ್ಲಿ ಎನ್ನುತ್ತಾರೆ. ಜಾಗವಿಲ್ಲದಿದ್ದರೆ ಮಣ್ಣನ್ನು ಟಿಪ್ಪರಿನಲ್ಲಿ ಸಾಗಿಸುವ ಖರ್ಚನ್ನು ಮೊದಲೇ ಅಂದಾಜುಪಟ್ಟಿಯಲ್ಲಿ ಸೇರಿಸಬೇಕು. ಅಗೆಯಲು ತೊಡಗಿದ ಮೇಲೆ ಆ ದುಡ್ಡು ಯಾರ ಕೈಯಿಂದಲೂ ಹೊರಡುವುದಿಲ್ಲ.

ಇಷ್ಟೂ ನಿಯಮಗಳನ್ನು ಪಾಲಿಸಿದ ಮೇಲೂ ಮಣ್ಣಿನ ಲಕ್ಷಣ ಮೊದಲು ಕಾಣುವುದು ಒಳಗೆ ನಿಂತವರ ಕಣ್ಣಿಗೆ. ಬುಡದಲ್ಲಿ ನೀರು ಒಸರುವುದು, ಸಣ್ಣ ಹೆಂಟೆಗಳು ಒಂದೊಂದಾಗಿ ಉದುರುವುದು, ಬದಿ ಸ್ವಲ್ಪ ಉಬ್ಬಿದಂತೆ ಕಾಣುವುದು. ಮೇಲೆ ನಿಂತ ನನಗೆ ಅಂಚಿಗೆ ಸಮಾನಾಂತರವಾಗಿ ಬಿಟ್ಟ ಬಿರುಕು ಮಾತ್ರ ಕಂಡೀತು. ಹಾಗಾಗಿ ತಂಡದ ಸುರಕ್ಷತೆ ಒಂದೇ ಒಂದು ಪ್ರಶ್ನೆಯ ಮೇಲೆ ನಿಂತಿದೆ ಎಂಬುದು ನನ್ನ ಗಟ್ಟಿ ನಂಬಿಕೆ: ಕೆಳಗಿನಿಂದ ಒಬ್ಬರು ಸರಿಯಿಲ್ಲ ಎಂದು ಹೇಳಿ ಮೇಲೆ ಬಂದರೆ ಅವರಿಗೆ ಮುಂದೆ ಏನಾಗುತ್ತದೆ?

ಒಂದು ಕೊಳವೆ ಕಂದಕದಲ್ಲಿ, ಹಿಂದಿನ ರಾತ್ರಿ ಮಳೆ ಸುರಿದಿತ್ತು, ಮಣ್ಣು ಕೆಲಸದಲ್ಲಿ ನುರಿತ ಹಿರಿಯರೊಬ್ಬರು ಅರ್ಧ ಗಂಟೆ ಕೆಲಸ ಮಾಡಿ ಏಣಿ ಹತ್ತಿ ಬಂದರು. ‘ಬದಿ ಮಾತಾಡುತ್ತಿದೆ, ನಾನು ಇಳಿಯುವುದಿಲ್ಲ’ ಎಂದರು. ಉಳಿದವರೆಲ್ಲ ಪಿಕ್ಕಾಸು ನಿಲ್ಲಿಸಿ ನನ್ನ ಮುಖ ನೋಡಿದರು. ಆಗ ಬಿರುಕು ಎಷ್ಟು ದೊಡ್ಡದೆಂದು ಅಳೆಯಲು ಹೋಗಬಾರದು, ‘ಇನ್ನೊಂದು ಹತ್ತು ನಿಮಿಷ, ಈ ತುಂಡು ಮುಗಿಯಲಿ’ ಎನ್ನಬಾರದು. ಎಲ್ಲರನ್ನೂ ಮೇಲೆ ಕರೆದೆ. ಆಮೇಲೆ ಅವರೊಂದಿಗೆ ಸುತ್ತಿ ಬಂದು ನೋಡಿದೆ. ಜೆಸಿಬಿ ತರಿಸಿ ಬದಿಗಳನ್ನು ಇಳಿಜಾರು ಮಾಡಿಸುವಷ್ಟರಲ್ಲಿ ಅರ್ಧ ದಿನ ಹೋಯಿತು.

ಬದಿ ಕುಸಿಯಲಿಲ್ಲ. ಇಳಿಜಾರು ಕಡಿಯುವ ತನಕ ಹಾಗೆಯೇ ನಿಂತಿತ್ತು. ಗುತ್ತಿಗೆದಾರರು ಬಂದು ಏನೂ ಆಗಲಿಲ್ಲವಲ್ಲ ಎಂದರು. ಸೂಪರ್‌ವೈಸರನ ನಿಜವಾದ ಪರೀಕ್ಷೆ ಇದೇ ಗಳಿಗೆ. ಕುಸಿದಿದ್ದರೆ ಆ ಹಿರಿಯರನ್ನು ಎಲ್ಲರೂ ಹೊಗಳುತ್ತಿದ್ದರು, ನನ್ನ ಸಹಾಯವೇ ಬೇಕಿರಲಿಲ್ಲ. ಕುಸಿಯದ ದಿನ ಅವರ ಪಕ್ಕ ನಿಲ್ಲುವವರು ಬೇಕು. ಮರುದಿನ ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ಅವರು ಏನು ನೋಡಿದರು, ಎಲ್ಲಿ ನೋಡಿದರು ಎಂಬುದನ್ನು ತಂಡಕ್ಕೆ ಅವರ ಬಾಯಿಂದಲೇ ಹೇಳಿಸಿದೆ. ಅಣ್ಣ ಮಾಡಿದ್ದು ಸರಿ, ಯಾರಿಗೆ ಹಾಗನಿಸಿದರೂ ಹೀಗೆಯೇ ಮಾಡಬೇಕು ಎಂದೆ. ಗುತ್ತಿಗೆದಾರರೂ ಅಲ್ಲಿದ್ದರು. ಅವರೆದುರಿಗೇ ಹೇಳಬೇಕೆಂದು ನಾನು ಕಾದಿದ್ದೆ.

ಅದರ ನಂತರ ತರುಣರೂ ಹೇಳಲು ಶುರುಮಾಡಿದರು. ಪಂಪಿನ ತಂತಿ ಸುಲಿದಿದೆ, ಏಣಿಯ ಮೆಟ್ಟಿಲು ಅಲುಗುತ್ತಿದೆ ಎಂಬ ಸಣ್ಣ ಸಣ್ಣ ಸಂಗತಿಗಳು. ಕೆಲವು ಅಪಾಯವಲ್ಲದವೂ ಬಂದವು. ಹಳೆಯ ಬೇರು ಕೊಳೆತು ಬಿಟ್ಟ ಗೆರೆಯನ್ನು ಬಿರುಕೆಂದು ಭಾವಿಸಿ ಒಬ್ಬ ಹುಡುಗ ಮೇಲೆ ಬಂದ. ಅವನನ್ನು ಜೊತೆಗೆ ಕರೆದುಕೊಂಡು ಹೋಗಿ, ಬೇರಿನ ಗೆರೆ ಹೇಗಿರುತ್ತದೆ, ಬಿರುಕು ಹೇಗೆ ಅಂಚಿನುದ್ದಕ್ಕೂ ಓಡುತ್ತದೆ ಎಂದು ತೋರಿಸಿದೆ. ಅಲ್ಲಿ ಯಾರಾದರೂ ನಕ್ಕಿದ್ದರೆ ಅವನು ಮತ್ತೆ ಬಾಯಿ ತೆರೆಯುತ್ತಿರಲಿಲ್ಲ. ನಗಲು ಬಿಡಲಿಲ್ಲ.

ಇನ್ನು ದುಡ್ಡಿನ ಮಾತು. ಇದನ್ನು ಬಿಟ್ಟು ಸುರಕ್ಷತೆಯ ಬಗ್ಗೆ ಏನು ಹೇಳಿದರೂ ಅರ್ಧ. ನಮ್ಮಲ್ಲಿ ಅಗೆತ ಸಾಮಾನ್ಯವಾಗಿ ಮೀಟರ್ ಲೆಕ್ಕದ್ದು. ಮೇಸ್ತ್ರಿ ಇಷ್ಟು ಮೀಟರಿಗೆ ಇಷ್ಟೆಂದು ಒಪ್ಪಿರುತ್ತಾರೆ, ಕೆಲಸ ನಿಂತರೆ ಕೂಲಿಯೂ ನಿಂತಿತು. ಬಂಗಾಳದಿಂದ, ಒಡಿಶಾದಿಂದ ಬಂದು ಊರಿಗೆ ದುಡ್ಡು ಕಳುಹಿಸಬೇಕಾದ ಹುಡುಗ ಮಣ್ಣು ಉದುರುವುದನ್ನು ಕಂಡರೂ ಯಾಕೆ ಸುಮ್ಮನಿರುತ್ತಾನೆ ಎಂದು ಬೇರೆ ಕಾರಣ ಹುಡುಕಬೇಕಾಗಿಲ್ಲ. ಮಾರ್ಚ್ 4ರ ರಾಷ್ಟ್ರೀಯ ಸುರಕ್ಷತಾ ದಿನದಂದು ಅವನಿಗೆ ಪ್ರತಿಜ್ಞೆ ಬೋಧಿಸಿ, ಮಾರ್ಚ್ 5ರಂದು ಮೇಲೆ ಬಂದದ್ದಕ್ಕೆ ಕೂಲಿ ಕಡಿದರೆ ಅವನು ಕೂಲಿಯನ್ನೇ ನಂಬುತ್ತಾನೆ, ಅದು ನ್ಯಾಯವೂ ಹೌದು. ನಾವು ಮಾಡಿಕೊಂಡ ಒಪ್ಪಂದ ಇಷ್ಟು: ಅಪಾಯದ ಕಾರಣಕ್ಕೆ ನಿಂತ ಹೊತ್ತು ದಿನಗೂಲಿಯ ದರದಲ್ಲಿ ಹಾಜರಿ ಪುಸ್ತಕಕ್ಕೆ ಏರುತ್ತದೆ, ಕಾರಣವನ್ನು ಪಕ್ಕದಲ್ಲಿಯೇ ಬರೆಯಲಾಗುತ್ತದೆ. ಗುತ್ತಿಗೆದಾರರನ್ನು ಒಪ್ಪಿಸಲು ಹಲವು ಸಂಜೆ ಕುಳಿತು ಮಾತನಾಡಬೇಕಾಯಿತು. ಹಾಗಾದರೆ ದಿನವೂ ಬಿರುಕು ಕಾಣುತ್ತದೆ ಎಂದು ಅವರು ಹೆದರಿದ್ದರು. ಹಾಗೆ ಆಗಲಿಲ್ಲ. ದುಡಿಯಲು ಬಂದವರಿಗೆ ಕೆಲಸ ಮುಗಿಸುವ ಆಸೆ ನಮಗಿಂತ ಹೆಚ್ಚೇ ಇರುತ್ತದೆ.

ಬೆಳಗಿನ ಸೂಚನೆಗಳನ್ನು ನಾನು ಭಾಷಣ ಮಾಡುವುದಿಲ್ಲ. ತಂಡದಲ್ಲಿ ತುಳು, ಮಲಯಾಳ, ಕನ್ನಡ, ಬಂಗಾಳಿ, ಒಡಿಯಾ ಎಲ್ಲ ಇವೆ, ಹಿಂದಿಯಲ್ಲಿ ಹೇಳಿದ್ದಕ್ಕೆ ಎಲ್ಲರೂ ತಲೆ ಆಡಿಸುತ್ತಾರೆ. ತಲೆಯಾಡಿಸುವುದನ್ನು ನಂಬಬಾರದು. ಹೊಸಬರು ತಾವು ಯಾವ ಏಣಿಯಿಂದ ಹೊರಬರುತ್ತೇವೆಂದು ನಡೆದು ತೋರಿಸಬೇಕು, ಹತ್ತಿ ಇಳಿಯಬೇಕು. ಕುಸಿತವಾದರೆ ಯಾರೂ ಒಳಗೆ ಹಾರಬಾರದು, ಎರಡನೆಯ ಕುಸಿತ ಹಾರಿದವರ ಮೇಲೆ ಬೀಳುತ್ತದೆ. ಹೂತವರನ್ನು ಜೆಸಿಬಿಯ ಬಕೆಟಿನಿಂದ ತೆಗೆಯಲು ಹೋಗಬಾರದು. ಈ ಎರಡನ್ನು ಮಾತ್ರ ಪ್ರತಿ ಭಾಷೆಯಲ್ಲೂ ಒಬ್ಬರಿಂದ ಹೇಳಿಸುತ್ತೇನೆ. ನಾನೂ ಕಂದಕವನ್ನು ದಾಟುವುದು ಹಲಗೆಯ ಮೇಲಿಂದಲೇ, ಇಳಿಯುವುದು ಏಣಿಯಿಂದಲೇ. ತುರ್ತು ಇದ್ದಾಗ ನಾನೊಮ್ಮೆ ಹಾರಿ ದಾಟಿದರೆ ಸಂಜೆಯೊಳಗೆ ಎಲ್ಲರೂ ಹಾರುತ್ತಾರೆ.

ಇನ್ನೂ ಬಗೆಹರಿಯದ ಒಂದು ವಿಷಯವಿದೆ. ಬಾಡಿಗೆಗೆ ಬರುವ ಯಂತ್ರದ ಚಾಲಕರು ನಮ್ಮ ಹಾಜರಿ ಪುಸ್ತಕದಲ್ಲಿಲ್ಲ. ಗಂಟೆಯ ಲೆಕ್ಕದಲ್ಲಿ ಬರುತ್ತಾರೆ, ಮುಗಿಸಿ ಮುಂದಿನ ಸೈಟಿಗೆ ಓಡಬೇಕು, ಮಣ್ಣನ್ನು ಅಂಚಿನಲ್ಲಿಯೇ ಸುರಿದು ಯಂತ್ರವನ್ನೂ ಅಲ್ಲಿಯೇ ನಿಲ್ಲಿಸುತ್ತಾರೆ. ಆ ಯಂತ್ರದ ಭಾರ, ಅದರ ನಡುಕ ಎರಡೂ ಕೆಳಗಿನವರ ಬದಿಯ ಮೇಲೆಯೇ. ಈ ಸಲ ಮಳೆಗಾಲ ಶುರುವಾಗುವ ಮೊದಲು ಯಂತ್ರದ ಮಾಲೀಕರೊಂದಿಗೆ ಕುಳಿತುಕೊಳ್ಳಬೇಕೆಂದಿದ್ದೇನೆ. ಮಣ್ಣನ್ನು ದೂರ ಹಾಕಲು ಹಿಡಿಯುವ ಹೆಚ್ಚಿನ ಹೊತ್ತಿಗೂ ಬಾಡಿಗೆ ಕೊಡುತ್ತೇವೆ ಎಂಬ ಮಾತಿಗೆ ಗುತ್ತಿಗೆದಾರರು ಈಗಾಗಲೇ ಒಪ್ಪಿದ್ದಾರೆ.